ಮ್ಯಾಗಲ ಕೆರೆಯ ಮುದ್ದೆ

ಟೂರಿನ ಅಡುಗೆ ಕೆಲಸಕ್ಕೆ ಸೇರಿದರೆ ದೇಶ ನೋಡಬಹುದು ಎಂದು ಯಾರಾದರೂ ನಿಮ್ಮ ಕಿವಿಗೆ ಹೂ ಇಟ್ಟಿದ್ದರೆ ಈಗಲೇ ತೆಗೆದುಹಾಕಿ. ಮಂಡ್ಯದ ಒಂದು ಟೂರ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಅಡುಗೆ ಮಾಡಿದವಳು ನಾನು. ಕಾಶಿಯಲ್ಲಿ ನಾನು ಕಂಡದ್ದು ಒಂದು ಛತ್ರದ ಹಿತ್ತಲು. ತಾಜಮಹಲನ್ನು ಕಂಡದ್ದು ದೂರದಿಂದ, ಈರುಳ್ಳಿ ಹೆಚ್ಚುತ್ತಾ, ಕಣ್ಣು ತುಂಬ ನೀರು ಸುರಿಸಿಕೊಂಡು. ನೋಡಿದವರು, ಪಾಪ, ಈ ಹೆಂಗಸಿಗೆ ಗಂಡನ ನೆನಪು ಬಂದಿರಬೇಕು ಎಂದುಕೊಂಡರೋ ಏನೋ. ಗಂಡ ಆಗ ಮದ್ದೂರಿನಲ್ಲಿ ಹಾಯಾಗಿ ಮಲಗಿದ್ದ.

ನನ್ನ ಹೆಸರು ಜಯಮ್ಮ. ಹುಟ್ಟಿದ್ದು ಹನಕೆರೆ, ಕೊಟ್ಟಿದ್ದು ಮದ್ದೂರಿಗೆ. ಮೊದಲು ಒಂದು ಹಾಸ್ಟೆಲಿನಲ್ಲಿ ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದೆ, ಆಮೇಲೆ ಟೂರಿನವರು ಕರೆದರು, ಹೋದೆ. ಮಂಡಿ ಕೈಕೊಟ್ಟ ಮೇಲೆ ಹೋದ ವರ್ಷ ಬಿಟ್ಟೆ. ಈಗ ನನ್ನ ಜಾಗಕ್ಕೆ ಮಳವಳ್ಳಿ ಕಡೆಯ ಇಬ್ಬರು ಹೆಣ್ಣುಮಕ್ಕಳು ಬಂದಿದ್ದಾರೆ. ದಿನ ಬಿಟ್ಟು ದಿನ ಫೋನು. "ಅಕ್ಕಾ, ಆ ಬೆಟ್ಟದ ಮ್ಯಾಲೆ ಮುದ್ದೆನೇ ಬೇಯಾಕಿಲ್ವಂತೆ, ದಿಟ್ವಾ?" ಎಂದು ಕೇಳುತ್ತಾರೆ. ದಿಟವೇ. ಆದರೆ ಅದನ್ನು ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ಕತೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಟೂರಿನಲ್ಲಿ ಎಲ್ಲರಿಗಿಂತ ಮುಂಚೆ ಏಳುವವಳು ಅಡುಗೆಯವಳು, ಎಲ್ಲರಿಗಿಂತ ಕೊನೆಗೆ ಉಣ್ಣುವವಳೂ ಅವಳೇ. ಪಾತ್ರೆ ತಳ ಕಂಡಿದ್ದರೆ ಅದೂ ಇಲ್ಲ. "ನೀನು ಉಂಡ್ಯಾ?" ಎಂದು ಯಾರಾದರೂ ಕೇಳುತ್ತಾರೆ ಎಂದು ಕಾಯಬೇಡಿ, ಕತ್ತು ನೋವು ಬರುತ್ತದೆ. ನಾನು ಬಟ್ಟೆ ಬ್ಯಾಗಿನ ತಳದಲ್ಲಿ ಒಂದು ಡಬ್ಬಿ ಹುರಿಹಿಟ್ಟು ಇಟ್ಟುಕೊಂಡಿರುತ್ತಿದ್ದೆ. ರಾಗಿಯನ್ನು ಅರಳುವ ಹಾಗೆ ಹುರಿದು ಬೀಸಿದ ಹಿಟ್ಟು, ನಮ್ಮಜ್ಜಿ ಕಲಿಸಿದ್ದು. ಒಂದಿಷ್ಟು ಬೆಲ್ಲ, ನಾಲ್ಕು ಚಮಚ ನೀರು ಹಾಕಿ ಕಲಸಿ ಬಾಯಿಗೆ ಹಾಕಿಕೊಂಡರೆ ಒಲೆಯೂ ಬೇಡ, ಯಾರ ಹಂಗೂ ಬೇಡ. ಈ ಡಬ್ಬಿ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮಾಲೀಕ ರಾಜಣ್ಣ. ಕೆಟ್ಟವನಲ್ಲ, ಆದರೆ ಅವನ ಕೊರಳಲ್ಲಿ ಒಂದು ಸೀಟಿ ಇತ್ತು. ಬಸ್ಸು ಹೊರಡಲು ಸೀಟಿ, ಊಟಕ್ಕೆ ಸೀಟಿ, ದೇವರ ಮುಂದೆ ಕಣ್ಣು ಮುಚ್ಚಿ ನಿಂತವರನ್ನು ಎಬ್ಬಿಸಲೂ ಸೀಟಿ. ಒಂದು ಗುಡಿಯಲ್ಲಿ ಪೂಜಾರಿ ಅವನನ್ನು ಪೊಲೀಸಿನವನೆಂದು ತಿಳಿದು ಮೊದಲ ಮಂಗಳಾರತಿ ಅವನಿಗೇ ಕೊಟ್ಟಿದ್ದ. ಅವನು ಅಚ್ಚು ಹಾಕಿಸುತ್ತಿದ್ದ ಪಾಂಪ್ಲೆಟ್ಟಿನಲ್ಲಿ ಹಿಮಾಲಯ ಎನ್ನುವುದು ಸಣ್ಣಕ್ಷರದಲ್ಲಿ ಇರುತ್ತಿತ್ತು, 'ದಿನಾ ಬಿಸಿ ಮುದ್ದೆ ಗ್ಯಾರಂಟಿ' ಎನ್ನುವುದು ಅಂಗೈಯಗಲ. ನಮ್ಮ ಜನ ಹಿಮಾಲಯ ನೋಡಿ ದುಡ್ಡು ಕಟ್ಟುವುದಿಲ್ಲ, ಮುದ್ದೆ ನೋಡಿ ಕಟ್ಟುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಒಮ್ಮೆ ಜೈಪುರದಲ್ಲಿ ಉಪ್ಪು ಮುಗಿಯಿತು. ಅಂಗಡಿಯವನು ಕೊಟ್ಟ ನಸುಗೆಂಪು ಪುಡಿಯನ್ನು ತಂದು ಸಾರಿಗೆ ಸುರಿದೆ. ಅದು ಕಪ್ಪುಪ್ಪು, ಪುಡಿ ಮಾಡಿದರೆ ಕೆಂಪಗೆ ಕಾಣುತ್ತದಂತೆ. ಸಾರು ಕುದಿಯುತ್ತಿದ್ದ ಹಾಗೆ ಕೊಳೆತ ಮೊಟ್ಟೆಯ ವಾಸನೆ ಛತ್ರವೆಲ್ಲ ಹಬ್ಬಿತು. ಅದು ಶ್ರಾವಣ ಶನಿವಾರ ಬೇರೆ. ಯಲಿಯೂರಿನ ಒಬ್ಬ ಅಜ್ಜಿ ತಟ್ಟೆ ತಳ್ಳಿ, "ಸನ್ವಾರದ್ದಿವ್ಸ ಮೊಟ್ಟೆ ಆಕ್ಬುಟ್ಟವ್ಳಲ್ಲಪ್ಪೋ, ಎಕ್ಕುಟ್ಟೋಗ!" ಎಂದು ಕೂಗಿದಳು. ಅಂದಿನಿಂದ ಉಪ್ಪಿನ ಚೀಲವನ್ನು ನಾನು ಊರಿನಿಂದಲೇ ಹೊರುತ್ತಿದ್ದೆ. ಆಗೆಲ್ಲ ಬೈಗುಳ ಹೀಗೆ ಮುಖದ ಮೇಲೇ ಬರುತ್ತಿತ್ತು, ಆಮೇಲಾಮೇಲೆ ಮೊಬೈಲು ಬಂದು, ಸಾರಿನ ಫೋಟೋ ತೆಗೆದು 'ತೆಳು' ಎಂದು ಗ್ರೂಪಿಗೆ ಹಾಕುವುದು ಶುರುವಾಯಿತು. ಸೀಮೆಣ್ಣೆ ಸ್ಟೌ ಹೋಗಿ ಗ್ಯಾಸು ಬಂತು, ಒರಳು ಹೋಗಿ ಮಿಕ್ಸಿ ಬಂತು. ಮುದ್ದೆಕೋಲು ಮಾತ್ರ ಬದಲಾಗಲಿಲ್ಲ.

ಇನ್ನು ಬೆಟ್ಟದ ವಿಷಯ. ನಾನು ಕೆಲಸ ಬಿಡುವುದಕ್ಕೆ ಎರಡು ವರ್ಷ ಮುಂಚೆ ರಾಜಣ್ಣ ಹಿಮಾಚಲದ ಮೇಲುಭಾಗಕ್ಕೆ, ಒಂದು ದೊಡ್ಡ ಘಾಟಿಯ ಹತ್ತಿರದ ಕೆರೆಗಳಿಗೆ ಟೂರು ತೆಗೆದ. ಚಂಡೀಗಢದವರೆಗೆ ರೈಲು, ಆಮೇಲೆ ಬಸ್ಸು, ಕೊನೆಗೆ ಸಣ್ಣ ಗಾಡಿಗಳು. ಮೂವತ್ತು ಜನ, ಎಲ್ಲರೂ ಮಂಡ್ಯ, ಮದ್ದೂರು, ಮಳವಳ್ಳಿ, ನಮ್ಮ ಈ ಮೂರು ತಾಲ್ಲೂಕಿನವರು. ನನ್ನ ಕೈಯಾಳಾಗಿ ನಾದಿನಿ ಗೌರಿ. ಅಲ್ಲಿಯವರು ಘಾಟಿಗೆ 'ಲಾ' ಎನ್ನುತ್ತಾರೆ ಎಂದು ಡ್ರೈವರು ಹೇಳಿದ್ದೇ ತಡ, ಹಿಂದಿನ ಸೀಟಿನಿಂದ, "ಅಂಗಾದ್ರೆ ನಮ್ಮೂರೋರೇ ಬುಡ್ಲಾ!" ಎಂದು ಯಾರೋ ಕೂಗಿದರು.

ದಾರಿಯಲ್ಲಿ ಒಂದು ಅಣೆಕಟ್ಟು ಸಿಕ್ಕಿತು. ಹಿಮದ ಬೆಟ್ಟ, ಹಸಿರು ನೀರು. ಬೇರೆ ಊರಿನವರಾದರೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮವರು ಗಾಡಿ ಇಳಿದವರೇ ಕಾವಲಿನವನನ್ನು ಸುತ್ತಿಕೊಂಡರು. "ಇವತ್ತು ಎಸ್ಟು ಅಡಿ? ಒಳಹರಿವು ಎಸ್ಟು? ನಾಲೆಗೆ ಬುಟ್ಟವ್ರಾ?" ಪಾಪ, ಆ ಹುಡುಗನಿಗೆ ಹಿಂದಿ ಬಿಟ್ಟರೆ ಏನೂ ಬಾರದು, ಇವರಿಗೆ ಹಿಂದಿ ಬಿಟ್ಟು ಎಲ್ಲವೂ ಬರುತ್ತದೆ. ಅವನು ಹೆದರಿ ಸಾಹೇಬರಿಗೆ ಫೋನು ಹಚ್ಚಿದ.

ಅಷ್ಟೂ ಪ್ರಶ್ನೆ ಕೇಳಿಸಿದವರು ಬೋರೇಗೌಡರು. ಮಳವಳ್ಳಿ ತಾಲ್ಲೂಕು, ಎಪ್ಪತ್ತರ ಆಸುಪಾಸು, ನಾಲಿಗೆ ಇಳಿಗೆಮಣೆಗಿಂತ ಹರಿತ. ಅವರ ಗದ್ದೆ ನಾಲೆಯ ಕಟ್ಟಕಡೆಯಲ್ಲಿತ್ತು. ಮೇಲಿನವರೆಲ್ಲ ಕುಡಿದು, ಮಿಂದು, ಎಮ್ಮೆ ತೊಳೆದು ಉಳಿಸಿದ ನೀರು ಇವರಿಗೆ. ಟೂರಿಗೆ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಅವ್ವಾ, ಉಟ್ದಾಗ್ಲಿಂದ ಮ್ಯಾಗ್ಲೋರು ಬುಡ್ಲಿ ಬುಡ್ಲಿ ಅಂತ ಕಾದೇ ಕಣ್ಣು ಬೆಳ್ಳಗಾದೊ. ಮ್ಯಾಲೆ ಯಾರೂ ಇಲ್ದಿರೋ ಒಂದು ಕೆರೆ ಐತಂತಲ್ಲ, ಅದುನ್ನ ಒಂದು ಕಿತ ನೋಡ್ಬುಡವಾ ಅಂತ ಬಂದೆ." ಆ ಕೆರೆಗೆ ಏನೋ ಹೆಸರಿತ್ತು, ನಮ್ಮ ನಾಲಿಗೆಗೆ ಹೊರಳಲಿಲ್ಲ. ಎಲ್ಲರೂ ಮ್ಯಾಗಲ ಕೆರೆ ಎಂದೇ ಕರೆದರು.

ಘಾಟಿಯ ಕೆಳಗಿನ ಹಳ್ಳಿಯಲ್ಲಿ ಡೋಲ್ಮಾ ಎಂಬ ಹೆಂಗಸಿನ ಲಾಡ್ಜು. ನನ್ನದೇ ವಯಸ್ಸು, ಕೆನ್ನೆ ಕೆಂಪು, ಮಾತು ಕಡಿಮೆ. ಅವಳ ಅಡುಗೆಮನೆಯ ಅರ್ಧ ನಮಗೆ ಕೊಟ್ಟಳು. ಮೊದಲ ದಿನ ಹತ್ತಿರದ ಸಣ್ಣ ಕೆರೆ, ಮಧ್ಯಾಹ್ನ ಬಂದು ಊಟ, ಮರುದಿನ ಮ್ಯಾಗಲ ಕೆರೆ, ಹೀಗಿತ್ತು ಲೆಕ್ಕ. ಸಣ್ಣ ಕೆರೆಯಿಂದ ಬಂದವರು ಕೈ ಉಜ್ಜಿಕೊಂಡು ತಟ್ಟೆ ಮುಂದೆ ಕೂತರು. ಕೆರೆ ಹೇಗಿತ್ತು ಎಂದರೆ, "ಎಂಥ ಕೆರೆನಮ್ಮ, ಒಂದು ತೂಬಿಲ್ಲ, ಏರಿ ಇಲ್ಲ, ಒಂದೆಕರೆ ಗದ್ದೆ ಇಲ್ಲ. ಸುಮ್ಕೆ ಬಿದ್ದದೆ" ಎಂದರು ಗೌಡರು.

ನಾನು ಎಂದಿನಂತೆ ಎಸರಿಟ್ಟೆ. ಗುಳ್ಳೆ ಬಂತು, ಊರಿಗಿಂತ ಬೇಗನೇ ಬಂತು. ಭೇಷ್ ಎಂದುಕೊಂಡು ಹಿಟ್ಟು ಸುರಿದು, ಹೊತ್ತು ನೋಡಿ ತೊಳಸಿದೆ. ಉಂಡೆ ಕಟ್ಟುವಾಗಲೇ ಕೈಗೆ ಏನೋ ಬೇರೆಯಾಗಿ ಹತ್ತಿತು. ಚಳಿಗೆ ಕೈ ಮರಗಟ್ಟಿದೆ ಎಂದು ಸಮಾಧಾನ ಹೇಳಿಕೊಂಡು ಬಡಿಸಿಬಿಟ್ಟೆ. ಹುರುಳಿಕಾಳಿನ ಸಾರಿನಲ್ಲಿ ಕಾಳು ಗೋಲಿಯ ಹಾಗೆ ಉಳಿದಿತ್ತು. ಗೌಡರು ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದರು. ತಟ್ಟೆ ನೋಡಿದರು. ನನ್ನನ್ನು ನೋಡಿದರು.

"ಜಯವ್ವ, ಇದು ಇಟ್ಟಲ್ಲ ಕಣಮ್ಮ. ಗ್ವಾಡೆಗೆ ಮೆತ್ತೋ ಮಣ್ಣು."

ಮುದ್ದೆಗೆ ನಮ್ಮ ಕಡೆ ಹಿಟ್ಟು ಎಂದೇ ಹೆಸರು. ಮಣ್ಣು ಎಂದರೂ ಹಸಿವಿಗೆ ಎರಡು ಮುದ್ದೆ ಉಂಡರು. ಆ ಹಸಿಹಿಟ್ಟು ಬೆಳಗಾಗುವಷ್ಟರಲ್ಲಿ ಹನ್ನೆರಡು ಜನರ ಹೊಟ್ಟೆ ಕೆಡಿಸಿತ್ತು. ಮರುದಿನ ಗಾಡಿಗಳು ಮ್ಯಾಗಲ ಕೆರೆಗೆ ಹೊರಟಾಗ ಬೋರೇಗೌಡರು ಲಾಡ್ಜಿನ ಹಾಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದರು. ಕಿಟಕಿಯಿಂದ ಗಾಡಿ ಹೋಗುವುದನ್ನೇ ನೋಡುತ್ತಿದ್ದರು, ನನಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಸುಲಭವಿತ್ತು. ನಾನು ಪಾತ್ರೆ ತಿಕ್ಕುತ್ತಾ ಹಿತ್ತಲಲ್ಲಿ ಅತ್ತೆ. ಈ ಸಲ ಈರುಳ್ಳಿಯ ನೆಪವೂ ಇರಲಿಲ್ಲ.

ಬಯ್ಗುಳವನ್ನು ಅವರು ಊರಿಗೆ ಎಂದು ಉಳಿಸಿಕೊಂಡಿದ್ದರು. ಮೂರು ತಾಲ್ಲೂಕಿಗೂ ಸುದ್ದಿ ಮುಟ್ಟಿತು. ಮದ್ದೂರು ಸಂತೆಯಲ್ಲಿ ಸೊಪ್ಪಿನವಳು, "ಜಯಕ್ಕ, ಇಟ್ಟು ಬೆಂತಾ?" ಎಂದಳು. ಬಸ್ ಕಂಡಕ್ಟರು ಚೀಟಿ ಕೊಡುತ್ತಾ, "ಇಟ್ಟು ಬೆಂತಾ ಅಕ್ಕಾ?" ಎಂದ. ಮನೆಯಲ್ಲಿ ನನ್ನ ಗಂಡ ಮಹಾಶಯ ಮುದ್ದೆಯನ್ನು ಮುರಿದು, ಬೆಳಕಿಗೆ ಹಿಡಿದು ನೋಡಿ, ಆಮೇಲೆ ನುಂಗುವುದನ್ನು ಶುರು ಮಾಡಿದ. ಹೊಟ್ಟೆ ಉರಿಯಿತು. ನಲವತ್ತು ವರ್ಷ ಮುದ್ದೆ ತೊಳಸಿದ ಕೈ ಇದು.

ಮುಂದಿನ ವರ್ಷದ ಟೂರಿಗೆ ಮುಂಚೆ ರಾಜಣ್ಣ ಕರೆಸಿದ. ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದ. "ಜಯಕ್ಕ, ಬೇಜಾರ್ ಮಾಡ್ಕಬ್ಯಾಡಿ. ಈ ಕಿತನೂ ಅಂಗೇ ಆದ್ರೆ ಮುಂದ್ಲೊರ್ಸದಿಂದ ಅಲ್ಲಿನ ಅಡುಗೆಯೋರ್ನೇ ಇಟ್ಕತೀನಿ. ನೀವು ಮನೇಲಿರಿ." ಆಮೇಲೆ ಹೆಸರಿನ ಪಟ್ಟಿ ತೋರಿಸಿದ. ಮೊದಲ ಹೆಸರು ಬೋರೇಗೌಡರು. ಕೆರೆ ನೋಡದೆ ಬಂದವರಿಗೆ ಅರ್ಧ ದುಡ್ಡು ಬಿಟ್ಟಿದ್ದನಂತೆ. ನಾನು ಧೈರ್ಯ ಮಾಡಿ ಗೌಡರಿಗೆ ಫೋನು ಮಾಡಿ, ಅಲ್ಲಿ ಅನ್ನ ಉಣ್ಣುತ್ತೀರಾ, ಅನ್ನವಾದರೆ ಹೇಗೋ ಮಾಡುತ್ತೇನೆ ಎಂದೆ. "ಅನ್ನ ತಿಂದು ಬೆಟ್ಟ ಅತ್ತಾಕಾದದಾ? ಸುಗರ್ ಬೇರೆ ಐತೆ. ಇಟ್ಟು ಮಾಡವ್ವ, ಬೆಂದಿರ್ಲಿ" ಎಂದು ಫೋನಿಟ್ಟರು.

ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಮುಂದೆ ಹೋಗಿ ನಿಂತೆ. ಎತ್ತರದಲ್ಲಿ ಗಾಳಿ ತೆಳು, ನೀರು ಸಾಕಷ್ಟು ಕಾಯುವುದಕ್ಕೆ ಮುಂಚೆಯೇ ಕುದಿದುಬಿಡುತ್ತದೆ, ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಗುಳ್ಳೆ ನೋಡಿಯೇ ಅಡುಗೆ ಮಾಡಿದವಳು ನಾನು. ಆ ಗುಳ್ಳೆಯೇ ಸುಳ್ಳು ಹೇಳುತ್ತದೆ ಎಂದರೆ ಇನ್ನು ಯಾರನ್ನು ನಂಬುವುದು? "ಕುಕ್ಕರ್ ತಗೊಂಡೋಗಿ ಜಯಮ್ಮ" ಎಂದರು ಮೇಷ್ಟ್ರು. ದೊಡ್ಡ ಕುಕ್ಕರುಗಳನ್ನು ಹೊರಿಸಿಕೊಂಡು ಹೋದೆ. ನೀವೂ ಹೊರಿಸಿಕೊಂಡೇ ಹೋಗಿ, ಅನ್ನಕ್ಕೂ ಕಾಳಿಗೂ ಅದೇ ಗತಿ.

ಆದರೆ ಮುದ್ದೆಗೆ ಕುಕ್ಕರು ಆಗಿಬರಲಿಲ್ಲ. ಆ ಸಲವೂ ಡೋಲ್ಮಾಳ ಲಾಡ್ಜೇ, ಬೆಳಿಗ್ಗೆಯೇ ಮುದ್ದೆ ಉಣಿಸಿ ಮ್ಯಾಗಲ ಕೆರೆಯ ಗಾಡಿ ಹತ್ತಿಸುವುದೆಂದು ಮಾತಾಗಿತ್ತು. ಹಿಟ್ಟು ಕದಡಿ ಕುಕ್ಕರಿಗೆ ಹಾಕಿದರೆ ತಳ ಹಿಡಿದು ಸೀಟಿಯ ಬಾಯಿಗೇ ಗಂಜಿ ಕಟ್ಟಿಕೊಂಡಿತು. ಮುಚ್ಚಳ ತೆಗೆದು ಹಿಟ್ಟು ಸುರಿದು ತೊಳಸಿದರೆ ಮತ್ತೆ ಅದೇ ಹಸಿ ವಾಸನೆ. ಕುಕ್ಕರು ಸೀಟಿ ಹೊಡೆಯುತ್ತಿಲ್ಲ, ಹೊರಗೆ ರಾಜಣ್ಣ ಹೊಡೆಯುತ್ತಿದ್ದಾನೆ. ಗೌರಿ, "ಅತ್ತಿಗೆ, ಉಪ್ಪಿಟ್ಟು ಮಾಡಿ ತಳ್ಬುಡವಾ" ಎಂದಳು. "ಉಪ್ಪಿಟ್ಟು ಮಾಡಾಕೆ ನಾನ್ಯಾಕ್ಲೇ ಇಲ್ಲಿಗಂಟ ಬರ್ಬೇಕಿತ್ತು!" ಎಂದು ಅವಳ ಮೇಲೆ ರೇಗಿದೆ. ರೇಗಿ, ಮುದ್ದೆಕೋಲು ಎಸೆದು, ನೆಲದ ಮೇಲೆ ಕುಳಿತುಬಿಟ್ಟೆ.

ಡೋಲ್ಮಾ ಮೂಲೆಯಿಂದ ನೋಡುತ್ತಿದ್ದಳು. ಅವಳು ಅಲ್ಲಿಯವರೆಗೆ ಊಟ ಮಾಡಿರಲಿಲ್ಲ, ಅವಳೂ ಅಡುಗೆಯವಳೇ ತಾನೆ. ಒಂದು ಬಟ್ಟಲಿಗೆ ಡಬ್ಬಿಯಿಂದ ಏನೋ ಹಿಟ್ಟು ಹಾಕಿಕೊಂಡು, ಬಿಸಿ ಚಹಾ ಸುರಿದು, ಬೆಣ್ಣೆ ಹಾಕಿ ಬೆರಳಲ್ಲೇ ಕಲಸಿ ಉಂಡೆ ಕಟ್ಟಿದಳು. ಅರ್ಧ ತಾನು ತಿಂದು ಅರ್ಧ ನನ್ನ ಕೈಗಿಟ್ಟಳು. ಒಲೆಯ ಮೇಲೆ ಏನನ್ನೂ ಬೇಯಿಸಲಿಲ್ಲ. ಬಾಯಿಗೆ ಹಾಕಿದೆ. ಹಸಿ ಇರಲಿಲ್ಲ. ಉಪ್ಪು ಚಹಾ, ಬೆಣ್ಣೆ, ಬಾರ್ಲಿ, ಎಲ್ಲದರ ಹಿಂದೆ ಒಂದು ಘಮ. ಎಲ್ಲೋ ಗೊತ್ತಿರುವ ಘಮ. ಎದ್ದು ಓಡಿ ನನ್ನ ಬ್ಯಾಗಿನ ತಳದ ಡಬ್ಬಿ ತಂದು ಅವಳ ಮೂಗಿಗೆ ಹಿಡಿದೆ. ಅವಳು ಮೂಸಿ ನೋಡಿ, ನನ್ನನ್ನು ನೋಡಿ, ಪಕಪಕನೆ ನಕ್ಕಳು.

ಹುರಿಹಿಟ್ಟು! ಅಲ್ಲಿಯ ಹೆಂಗಸರು ಕುದಿಯುವ ನೀರನ್ನು ನಂಬುವುದನ್ನು ಯಾವ ಕಾಲದಲ್ಲೋ ಬಿಟ್ಟಿದ್ದಾರೆ, ಹುರಿದು ಮೊದಲೇ ಬೇಯಿಸಿ ಇಟ್ಟುಕೊಳ್ಳುತ್ತಾರೆ. ನೀರು ಕಾಯದಿದ್ದರೂ ಬಾಣಲೆ ಕಾಯುತ್ತದಲ್ಲ. ಹದಿನೆಂಟು ವರ್ಷ ಆ ಡಬ್ಬಿಯನ್ನು ಹೊತ್ತು ತಿರುಗಿದ ನನಗೆ ಇದು ಹೊಳೆದಿರಲಿಲ್ಲ. ಮೂವರೂ ಸೆರಗು ಸಿಕ್ಕಿಸಿ ನಿಂತೆವು, ಡೋಲ್ಮಾಳಿಗೆ ಸೆರಗಿರಲಿಲ್ಲ, ತೋಳು ಮಡಚಿದಳು. ಅವಳ ದೊಡ್ಡ ಬಾಣಲೆಗಳಲ್ಲಿ ನಮ್ಮ ರಾಗಿಹಿಟ್ಟನ್ನೆಲ್ಲ ಘಮ್ಮೆನ್ನುವವರೆಗೆ ಹುರಿದೆವು. ಹುರಿದದ್ದನ್ನು ಕುದಿಯುವ ಎಸರಿಗೆ ಸುರಿದು ತೊಳಸಿದೆ. ಕೋಲಿಗೆ ಸರಿಯಾದ ಭಾರ ಸಿಕ್ಕಿತು. ಕೈಗೆ ಗೊತ್ತಾಗುತ್ತದೆ, ಬಾಯಿಗೆ ಬೇಕಾಗಿಲ್ಲ. ಅವಸರದಲ್ಲಿ ರುಚಿ ನೋಡಲೂ ಇಲ್ಲ.

ಬಡಿಸಿದೆ. ಈ ಸಲವೂ ಮೂವತ್ತು ಜನ, ಎಲ್ಲರೂ ಗೌಡರ ಮುಖ ನೋಡುತ್ತಿದ್ದರು. ರಾಜಣ್ಣ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತಿದ್ದ, ಉಸಿರಾಡಿದರೆ ಪೀಂ ಎನ್ನುತ್ತಿತ್ತು. ಗೌಡರು ಮುರಿದರು, ಹೊರಳಿಸಿದರು, ನುಂಗಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಸಾರು ಬುಡವ್ವ" ಎಂದರು.

ಅಷ್ಟೇ. ನಮ್ಮ ಕಡೆ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಎರಡು ಮುದ್ದೆ ಉಂಡು, ಇನ್ನೊಂದು ಹಾಕಿಸಿಕೊಂಡರು. ಗಾಡಿ ಹತ್ತುವಾಗ ತಿರುಗಿ, "ನೀನೂ ಬಾರವ್ವ, ಪಾತ್ರೆ ಎಲ್ಲಿಗೂ ಓಡೋಗಾಕಿಲ್ಲ" ಎಂದರು. ರಾಜಣ್ಣ ಬಾಯಿ ತೆರೆದ. ಗೌಡರು ನೋಡಿದರು. ಬಾಯಿ ಮುಚ್ಚಿದ. ಗೌರಿ ನನ್ನ ಕೈಯಿಂದ ಪಾತ್ರೆ ತಿಕ್ಕುವ ಬೂದಿ ಕಿತ್ತುಕೊಂಡು ಹೊರಗೆ ದಬ್ಬಿದಳು.

ಮ್ಯಾಗಲ ಕೆರೆಯ ಬಗ್ಗೆ ಏನು ಬರೆಯಲಿ? ಗಾಡಿ ನಿಂತ ಮೇಲೆ ಹತ್ತು ಹೆಜ್ಜೆಗೊಮ್ಮೆ ಕುಳಿತು, ಏದುಸಿರು ಬಿಟ್ಟು, ಒಂದು ದಿಬ್ಬ ಹತ್ತಿದರೆ ಕೆಳಗೆ ನೀರು. ಗಿಡವಿಲ್ಲ, ಮರವಿಲ್ಲ, ಸದ್ದಿಲ್ಲ. ಅಷ್ಟು ನೀಲಿಯನ್ನು ನಾನು ಸೀರೆಯಲ್ಲೂ ಕಂಡಿರಲಿಲ್ಲ. ಅಷ್ಟು ವರ್ಷದಲ್ಲಿ ಟೂರಿನವರು ನೋಡಲೆಂದು ಬಂದದ್ದನ್ನು ಟೂರಿನವರ ಜೊತೆ ನಿಂತು ನೋಡಿದ್ದು ಅದೇ ಮೊದಲು. ತುಂಬ ಸಂತೋಷವಾಯಿತು, ಜೊತೆಗೇ ಇಷ್ಟು ವರ್ಷ ಯಾಕೆ ನೋಡಲಿಲ್ಲ ಎಂದು ಸಿಟ್ಟೂ ಬಂತು.

ಬೋರೇಗೌಡರು ದಡದಲ್ಲಿ ಒಂದು ಕಲ್ಲಿನ ಮೇಲೆ ಕುಳಿತರು. ಚಪ್ಪಲಿ ಬಿಟ್ಟರು. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ದಡದ ಬಂಡೆ ನೋಡಿದರು. ಅಲ್ಲಿ ಸಣ್ಣದೊಂದು ನೀರಿನ ಎಳೆ ಮೇಲಿನಿಂದ ಇಳಿಯುತ್ತಿತ್ತು. ಡ್ರೈವರನ್ನು ಕರೆದು, ಅದು ಎಲ್ಲಿಂದ ಬರುತ್ತದೆ ಎಂದು ಕೈಸನ್ನೆಯಲ್ಲೇ ಕೇಳಿದರು. ಡ್ರೈವರು ಬಂಡೆಯ ತುದಿ ತೋರಿಸಿ, ಎರಡೂ ಅಂಗೈಯನ್ನು ಬೋಗುಣಿಯ ಹಾಗೆ ಮಾಡಿದ. ಅಲ್ಲಿ ಮೇಲೆ ಇನ್ನೊಂದು ಕೆರೆ ಇದೆಯಂತೆ.

ಗೌಡರು ನನ್ನ ಕಡೆ ತಿರುಗಿದರು. "ಥೂ ಇವ್ನ! ಇಲ್ಲೂ ನಾವು ಕಡೇಲೇ ಕಣವ್ವ." ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಕೆಳಗಿಳಿದು ಒಂದು ಬೊಗಸೆ ನೀರು ಎತ್ತಿ ಮುಖ ತೊಳೆದುಕೊಂಡು, "ಓಗ್ಲಿ ಬುಡು, ಮ್ಯಾಗ್ಲೋರು ಒಳ್ಳೇರು, ಬುಟ್ಟವ್ರೆ" ಎಂದರು.

ಆಮೇಲೆ ಕೇಳಿದರು: "ನೀನು ಉಂಡ್ಯಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಹೆಗಲ ಟವಲಿನ ಗಂಟು ಬಿಚ್ಚಿದರು. ಹಾಕಿಸಿಕೊಂಡಿದ್ದ ಮೂರನೆಯ ಮುದ್ದೆ ಅದರೊಳಗಿತ್ತು, ಎಲೆಯಲ್ಲಿ ಅಲ್ಲ, ಗೌರಿಯ ಪ್ಲಾಸ್ಟಿಕ್ ಕವರಿನಲ್ಲಿ. "ತಿನ್ನು" ಎಂದರು. ಮುರಿದು ಬಾಯಿಗೆ ಹಾಕಿದೆ.

ಸೀದಿತ್ತು. ಸ್ವಲ್ಪವಲ್ಲ, ಬಾಣಲೆಯ ತಳವೇ ನಾಲಿಗೆಗೆ ಬಂದ ಹಾಗೆ ಸೀದಿತ್ತು. ಮೂವತ್ತು ಜನರಿಗೆ ಇದನ್ನೇ ಉಣಿಸಿದ್ದೆ, ಗೌಡರು ಉಂಡರೆಂದು ಉಳಿದವರೂ ತುಟಿ ಬಿಚ್ಚದೆ ಉಂಡಿದ್ದರು.

"ಗೌಡ್ರೇ, ಇದು ಸೀದೋಗದೆ!"

"ಗೊತ್ತು ಕಣವ್ವ" ಎಂದರು ಗೌಡರು, ನೀರು ನೋಡುತ್ತಾ. "ಬೆಂದದಲ್ಲ."

ಆಮೇಲೆ ಒಂದು ವರ್ಷ ನಾನು ಕೆಲಸದಲ್ಲಿದ್ದೆ, ಹಿಟ್ಟನ್ನು ಊರಿನಲ್ಲೇ ಸಣ್ಣ ಉರಿಯಲ್ಲಿ ಹುರಿದು ಹೊರುತ್ತಿದ್ದೆ, ನೀವೂ ಹಾಗೆಯೇ ಮಾಡಿ. ಹಸಿಮುದ್ದೆಯ ಸುದ್ದಿಯನ್ನು ಮೂರು ತಾಲ್ಲೂಕಿಗೆ ಹಂಚಿದ ಬೋರೇಗೌಡರು ಸೀದ ಮುದ್ದೆಯ ವಿಷಯವನ್ನು ಈವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ. ನಾನೇ ಬರೆದುಬಿಟ್ಟೆ.